ಗೋಪುರದ ನಡುವಿನ ಖಾಲಿ ಜಾಗ

ಕೇಳುಗರೇ, ನಮಸ್ಕಾರ. ಟೋಕಿಯೊದ ಸ್ಕೈಟ್ರೀ ವೀಕ್ಷಣಾ ಗೋಪುರದ ಎತ್ತರ 634 ಮೀಟರ್. ಎಲ್ಲರೂ ಆ ಎತ್ತರವನ್ನೇ ಹೊಗಳುತ್ತಾರೆ. ನನಗೆ ಮಾತ್ರ ಅದಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಅದರ ನಟ್ಟನಡುವೆ, ಬುಡದಿಂದ ಮೇಲಿನವರೆಗೆ ಬಿಟ್ಟಿದ್ದ ಖಾಲಿ ಜಾಗ.

ಈ ಗೋಪುರ ಕಟ್ಟಿದ್ದು ಟಿವಿ ಪ್ರಸಾರಕ್ಕೆ. ಹಳೆಯ ಟೋಕಿಯೊ ಟವರ್ ಇರೋದು 333 ಮೀಟರ್, ಸುತ್ತಲೂ ಎತ್ತರದ ಕಟ್ಟಡಗಳು ಎದ್ದ ಮೇಲೆ ಅದು ಸಾಲದಾಯಿತು. 2008ರ ಜುಲೈನಲ್ಲಿ ಕೆಲಸ ಶುರುವಾಯಿತು. ಬುಡ ತ್ರಿಕೋನ, ಮೇಲೆ ಹೋದಂತೆ ನಿಧಾನವಾಗಿ ದುಂಡಗಾಗುತ್ತದೆ. ಉಕ್ಕಿನ ದಪ್ಪ ಪೈಪುಗಳನ್ನು ಒಂದರ ಮೇಲೊಂದು ಬೆಸುಗೆ ಹಾಕುತ್ತಾ, ಕ್ರೇನುಗಳನ್ನೂ ಜೊತೆಜೊತೆಗೇ ಮೇಲಕ್ಕೇರಿಸುತ್ತಾ ಹೋದರು.

ಕಷ್ಟ ಬಂದಿದ್ದು ತುದಿಯ ಆಂಟೆನಾ ಕಂಬಕ್ಕೆ. ಅಷ್ಟೆತ್ತರದ ಗಾಳಿಯಲ್ಲಿ ಅದನ್ನು ತುಂಡು ತುಂಡಾಗಿ ಜೋಡಿಸೋದು ಸುಲಭವಲ್ಲ, ಅಲ್ವಾ? ಹಾಗಾಗಿ ನೆಲದ ಮೇಲೇ, ಗೋಪುರದ ಹೊಟ್ಟೆಯೊಳಗೇ ಜೋಡಿಸಿದರು. ಮೊದಲು ತುದಿಯ ಭಾಗ ಕಟ್ಟಿ, ಅದನ್ನು ಮೇಲಕ್ಕೆಳೆದು, ಅದರ ಅಡಿಗೆ ಮುಂದಿನ ಭಾಗ ಸೇರಿಸಿ, ಮತ್ತೆ ಎಳೆದು, ಹೀಗೆ ಇಡೀ ಕಂಬವನ್ನು ಆ ಖಾಲಿ ಜಾಗದ ಮೂಲಕವೇ ಆಕಾಶಕ್ಕೆ ಕಳಿಸಿದರು.

ಈ ಕೆಲಸ ಮುಗಿಯಲು ಕೆಲವೇ ಮೀಟರ್ ಬಾಕಿ ಇದ್ದಾಗ, 2011ರ ಮಾರ್ಚ್ 11ರಂದು, ಜಪಾನಿನಲ್ಲಿ ಆ ಭೀಕರ ಭೂಕಂಪವಾಯಿತು. ಗೋಪುರ ಜೋರಾಗಿ ತೂಗಾಡಿತು, ಆದರೆ ನಿಂತಿತು. ಒಂದೇ ವಾರಕ್ಕೆ, ಮಾರ್ಚ್ 18ಕ್ಕೆ, ಅದು 634 ಮೀಟರ್ ಮುಟ್ಟಿತು. ಅಂಥ ದಿನಗಳಲ್ಲೂ ಮತ್ತೆ ಮೇಲೆ ಹತ್ತಿದ ಕಾರ್ಮಿಕರ ಧೈರ್ಯ ದೊಡ್ಡದು.

ಆಂಟೆನಾ ಹೋಗಿ ತೆರವಾದ ಜಾಗವನ್ನು ಸುಮ್ನೆ ಬಿಡಲಿಲ್ಲ. ಅಲ್ಲಿ 375 ಮೀಟರ್ ಎತ್ತರದ ಕಾಂಕ್ರೀಟ್ ಕಂಬ ಎಬ್ಬಿಸಿದರು. ಜಪಾನಿನ ಹಳೆಯ ಐದು ಅಂತಸ್ತಿನ ಮರದ ಪಗೋಡಗಳ, ಅಂದರೆ ಬೌದ್ಧ ಗೋಪುರಗಳ, ನಡುವೆಯೂ ಇಂಥದ್ದೇ ಒಂದು ಕಂಬವಿದೆ. ಸ್ಕೈಟ್ರೀಯ ಕಂಬ 125 ಮೀಟರ್‌ವರೆಗೆ ಮಾತ್ರ ಹೊರಗಿನ ಉಕ್ಕಿಗೆ ಬಿಗಿಯಾಗಿದೆ. ಅಲ್ಲಿಂದ ಮೇಲೆ ಅದು ಉಕ್ಕಿಗೆ ಅಂಟಿಕೊಂಡಿಲ್ಲ, ಎರಡರ ನಡುವೆ ಎಣ್ಣೆ ತುಂಬಿದ ಡ್ಯಾಂಪರ್‌ಗಳಿವೆ, ಅಂದರೆ ಅಲುಗಾಟವನ್ನು ತಗ್ಗಿಸುವ ಸಾಧನಗಳು. ಬಸ್ಸು ತಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಹಾಗೆ ಉಕ್ಕು ಒಂದು ಕಡೆಗೆ ತೂಗಿದರೆ ಭಾರದ ಕಂಬ ತಡವಾಗಿ ಹಿಂಬಾಲಿಸುತ್ತದೆ. ಎರಡೂ ಒಂದನ್ನೊಂದು ತಡೆಯುವುದರಿಂದ ಒಟ್ಟು ತೂಗಾಟ ಕಡಿಮೆಯಾಗುತ್ತದೆ.

2012ರ ಮೇ 22ರಂದು ಗೋಪುರ ಜನರಿಗೆ ತೆರೆಯಿತು. 350 ಮತ್ತು 450 ಮೀಟರ್ ಎತ್ತರದಲ್ಲಿ ನಿಂತು ನಗರ ನೋಡಬಹುದು. ಲಿಫ್ಟು ನಿಂತರೆ ಕೆಳಗಿಳಿಯಲು ತುರ್ತು ಮೆಟ್ಟಿಲುಗಳಿವೆ. ಅವೂ ಇರೋದು ಅದೇ ಕಂಬದೊಳಗೆ.