ಹದಿನಾಲ್ಕು ಮುಖದ ದಾಳ ಎಲ್ಲಿ ಸಿಗುತ್ತದೆ?

ಮಾನ್ಯ ಸಭಿಕರೇ,

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳಲ್ಲಿ ಹಲವರು ಇಂದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಮತ್ತು ಅದರ ಬಳಗದ ರೋಲ್‌ಪ್ಲೇಯಿಂಗ್ ಆಟಗಳನ್ನು ಆಡುತ್ತಿದ್ದಾರೆ. ಮೇಜಿನ ಸುತ್ತ ಕುಳಿತು, ಒಬ್ಬರು ಕಥೆಯನ್ನು ನಡೆಸುತ್ತ, ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಫಲ ಏನಾಗುವುದೆಂಬ ಸಂದೇಹ ಬಂದಲ್ಲಿ ದಾಳ ಉರುಳಿಸಿ ತೀರ್ಮಾನಿಸುವ ಆಟಗಳಿವು. ಊರಿನ ಆಟದ ಅಂಗಡಿಗೆ ಹೋದರೆ ಮೂಲ ನಿಯಮಪುಸ್ತಕವೂ ಏಳು ದಾಳಗಳ ಕಟ್ಟೂ ಸುಲಭವಾಗಿ ಸಿಗುತ್ತವೆ. ಆದರೆ ಹದಿನಾಲ್ಕು ಮುಖದ ದಾಳ, ಷಟ್ಕೋನದ ಮನೆಗಳಿರುವ ಹಾಳೆ, ಹತ್ತು ವರ್ಷ ಹಿಂದೆ ಸಣ್ಣ ಪ್ರಕಾಶಕರೊಬ್ಬರು ಹೊರತಂದ ಸಾಹಸಕಥೆಯ ಪುಸ್ತಕ, ಇವನ್ನು ಕೇಳಿದರೆ ಅಂಗಡಿಯವರು ತಲೆಯಾಡಿಸುತ್ತಾರೆ. ಇದು ಅಂಗಡಿಯವರ ಅಸಡ್ಡೆಯ ಫಲವಲ್ಲ ಎಂಬುದು ನನ್ನ ಅಭಿಪ್ರಾಯ. ಈ ಆಟದ ಸಾಮಗ್ರಿ ಮೊದಲಿನಿಂದಲೂ ಬೇರೆ ಬೇರೆ ವ್ಯಾಪಾರಗಳಿಂದ ಬಂದು ಸೇರಿದ್ದು. ಅದು ಯಾವ ದಾರಿಯಲ್ಲಿ ಕಪಾಟಿಗೆ ಬರುತ್ತದೆ ಎಂಬುದನ್ನು ತಿಳಿದವರಿಗೆ ಮಾತ್ರ ಕಪಾಟಿನಲ್ಲಿ ಇಲ್ಲದ್ದೂ ದೊರಕುತ್ತದೆ.

1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ರಚಿಸಿದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಹೊರಬಂದಾಗ, ಪೆಟ್ಟಿಗೆಯಲ್ಲಿ ಇದ್ದದ್ದು ಮೂರು ಕಿರುಪುಸ್ತಕಗಳು ಮತ್ತು ಕೆಲವು ಬಿಡಿ ಹಾಳೆಗಳು ಮಾತ್ರ. ದಾಳಗಳಿರಲಿಲ್ಲ. ಮೊದಲ ಮುದ್ರಣ ಸಾವಿರ ಪ್ರತಿ, ಬೆಲೆ 10 ಡಾಲರ್. ಆಟಕ್ಕೆ ಬೇಕಾದ ಉಪಕರಣಗಳ ಪಟ್ಟಿಯೊಂದು ಮೊದಲ ಕಿರುಪುಸ್ತಕದಲ್ಲಿದೆ. ನಾಲ್ಕು ಮುಖದ ದಾಳ ಒಂದು ಜೊತೆ, ಎಂಟು ಮುಖದ್ದು ಒಂದು ಜೊತೆ, ಹನ್ನೆರಡು ಮುಖದ್ದು ಒಂದು ಜೊತೆ, ಇಪ್ಪತ್ತು ಮುಖದ್ದು ಒಂದು ಜೊತೆ, ಮಾಮೂಲಿ ಆರು ಮುಖದವು ನಾಲ್ಕರಿಂದ ಇಪ್ಪತ್ತು ಜೊತೆ ಬೇಕೆಂದು ಅದು ಹೇಳುತ್ತದೆ. ಅದೇ ಪಟ್ಟಿಯಲ್ಲಿ ಅವಲಾನ್ ಹಿಲ್ ಎಂಬ ಬೇರೊಂದು ಕಂಪನಿಯು 1972ರಲ್ಲಿ ಪ್ರಕಟಿಸಿದ್ದ ಔಟ್‌ಡೋರ್ ಸರ್ವೈವಲ್ ಎಂಬ ಹಲಗೆಯಾಟವೂ ಇದೆ. ಅದರ ಆಟದ ನಿಯಮಗಳಿಗಾಗಿ ಅಲ್ಲ, ಕಾಡು, ಬೆಟ್ಟ, ನದಿಗಳನ್ನು ಷಟ್ಕೋನದ ಮನೆಗಳಲ್ಲಿ ಚಿತ್ರಿಸಿದ್ದ ಅದರ ಭೂಪಟಕ್ಕಾಗಿ! ತನ್ನ ಸರಕು ಪೂರ್ಣವಾಗಬೇಕಾದರೆ ಮತ್ತೊಬ್ಬರ ಸರಕನ್ನೂ ಕೊಳ್ಳಿರಿ ಎಂದು ಗ್ರಾಹಕನಿಗೆ ನೇರವಾಗಿ ಹೇಳಿದ ವ್ಯಾಪಾರಿಗಳು ಅಪರೂಪ.

ಇಪ್ಪತ್ತು ಮುಖದ ದಾಳವನ್ನು ಆ ಕಾಲದ ಅಮೆರಿಕದ ಯಾವ ಆಟದ ಅಂಗಡಿಯಲ್ಲಿ ಕೇಳಬಹುದಿತ್ತು? ಬಹುಮಟ್ಟಿಗೆ ಎಲ್ಲಿಯೂ ಇಲ್ಲ. ಕ್ಯಾಲಿಫೋರ್ನಿಯಾದ ಕ್ರಿಯೇಟಿವ್ ಪಬ್ಲಿಕೇಷನ್ಸ್ ಎಂಬ ಸಂಸ್ಥೆಯು ಶಾಲೆಗಳಿಗೆ ಗಣಿತದ ಬೋಧನಾ ಸಾಮಗ್ರಿಯನ್ನು ಮಾರುತ್ತಿತ್ತು. ಎಲ್ಲ ಮುಖಗಳೂ ಒಂದೇ ಆಕಾರದ ಸಮಬಹುಭುಜಗಳಾಗಿದ್ದು, ಎಲ್ಲ ಮೂಲೆಗಳೂ ಒಂದೇ ಬಗೆಯಾಗಿರುವ ಉಬ್ಬು ಘನಾಕೃತಿಗಳು ಐದೇ ಐದು ಎಂಬ ಪ್ರಾಚೀನ ಗ್ರೀಕರ ರೇಖಾಗಣಿತವನ್ನು ಮಕ್ಕಳಿಗೆ ತೋರಿಸಲು ಆ ಸಂಸ್ಥೆಯ ಬಳಿ ಐದು ದಾಳಗಳ ಒಂದು ಕಟ್ಟಿತ್ತು. ಲೇಕ್ ಜಿನೀವಾದವರು ಅದನ್ನೇ ತರಿಸಿ ಅಂಚೆಯ ಮೂಲಕ ಆಟಗಾರರಿಗೆ ಮಾರಿದರು. ಮೃದು ಪ್ಲಾಸ್ಟಿಕ್ಕಿನ ಆ ದಾಳಗಳ ಅಂಚುಗಳು ಬಳಸಿದಂತೆಲ್ಲ ಸವೆದು ಗುಂಡಗಾಗುತ್ತಿದ್ದವು. ಇಪ್ಪತ್ತು ಮುಖದ ದಾಳದ ಮೇಲೆ 1ರಿಂದ 20ರವರೆಗಿನ ಅಂಕಿಗಳಿರಲಿಲ್ಲ. 0ಯಿಂದ 9ರವರೆಗಿನ ಅಂಕಿಗಳೇ ಎರಡು ಬಾರಿ ಇದ್ದವು. ಆದ್ದರಿಂದ ಆಟಗಾರರು ಅರ್ಧದಷ್ಟು ಅಂಕಿಗಳ ಕೊರಕಲಿಗೆ ಒಂದು ಬಣ್ಣದ ಮೇಣದ ಕ್ರೇಯಾನ್ ತಿಕ್ಕಿ, ಉಳಿದವಕ್ಕೆ ಇನ್ನೊಂದು ಬಣ್ಣ ತುಂಬಿ, ಒಂದು ಬಣ್ಣದ ಅಂಕಿಗೆ ಹತ್ತನ್ನು ಕೂಡಿಸಿಕೊಳ್ಳುತ್ತಿದ್ದರು.

ದಾಳದ ಮಾತು ಹಾಗಿರಲಿ, ಆಟದ ರಾಕ್ಷಸರೇ ಆಟಿಕೆಯ ಅಂಗಡಿಯಿಂದ ಬಂದವರು. ಹಾಂಗ್‌ಕಾಂಗಿನಲ್ಲಿ ತಯಾರಾಗಿ, ಪ್ರಾಗೈತಿಹಾಸಿಕ ಪ್ರಾಣಿಗಳೆಂಬ ಹೆಸರಿನಲ್ಲಿ ಅಮೆರಿಕದ ಅಗ್ಗದ ಅಂಗಡಿಗಳಲ್ಲಿ ಚೀಲದಲ್ಲಿ ಮಾರಾಟವಾಗುತ್ತಿದ್ದ ಪ್ಲಾಸ್ಟಿಕ್ ಗೊಂಬೆಗಳನ್ನು ಗೈಗ್ಯಾಕ್ಸ್ ಮೇಜಿನ ಮೇಲೆ ಇಟ್ಟರು. ಯಾವ ಕಾಲದ ಯಾವ ಪ್ರಾಣಿಯನ್ನೂ ಹೋಲದ ಆ ವಿಚಿತ್ರ ಗೊಂಬೆಗಳಿಗೆ ಅವರು ಹೆಸರೂ ಗುಣವೂ ಕೊಟ್ಟುದರಿಂದ ಔಲ್‌ಬೇರ್, ರಸ್ಟ್ ಮಾನ್‌ಸ್ಟರ್, ಬುಲೆಟ್ ಎಂಬ ಜೀವಿಗಳು ಹುಟ್ಟಿದವು. ಇಂದಿನ ನಿಯಮಪುಸ್ತಕಗಳಲ್ಲೂ ಅವು ಇವೆ. ಆಟದ ಅಂಗಡಿಯಲ್ಲಿ ಇಲ್ಲದ್ದನ್ನು ಪಕ್ಕದ ಅಂಗಡಿಯಲ್ಲಿ ಹುಡುಕುವುದು ಈ ಹವ್ಯಾಸದಲ್ಲಿ ಕೈಲಾಗದವರ ಉಪಾಯವಲ್ಲ, ಮೂಲಪುರುಷರೇ ಹಾಕಿಕೊಟ್ಟ ಪದ್ಧತಿ.

1977ರಲ್ಲಿ ಹೊರಬಂದ ಹೊಸಬರ ಪೆಟ್ಟಿಗೆಯಲ್ಲಿ ದಾಳಗಳನ್ನೂ ಇಡಲಾಯಿತು. ಆಟ ಎಷ್ಟು ಬೇಗ ಹರಡಿತೆಂದರೆ 1979ರ ಹೊತ್ತಿಗೆ ದಾಳಗಳ ಕೊರತೆಯಾಗಿ, ಪೆಟ್ಟಿಗೆಯೊಳಗೆ ದಾಳದ ಬದಲು ಅಂಕಿಗಳನ್ನು ಮುದ್ರಿಸಿದ ರಟ್ಟಿನ ಚೀಟಿಗಳು ಬಂದವು. ಅವನ್ನು ಕತ್ತರಿಸಿ ಲೋಟಕ್ಕೆ ಹಾಕಿ ಕಣ್ಣುಮುಚ್ಚಿ ಎತ್ತಬೇಕಿತ್ತು. ಈ ಕಾಲದಲ್ಲಿಯೇ ಲೂ ಜೋಕಿ ಎಂಬವರು ತಮ್ಮ ಗೇಮ್‌ಸೈನ್ಸ್ ಸಂಸ್ಥೆಯ ಮೂಲಕ ಗಟ್ಟಿ ಪ್ಲಾಸ್ಟಿಕ್ಕಿನ, ಅಂಚು ಚೂಪಾಗಿರುವ ದಾಳಗಳನ್ನು ಮಾರುಕಟ್ಟೆಗೆ ತಂದರು. ಗ್ರೀಕರ ಐದು ಘನಾಕೃತಿಗಳಲ್ಲಿ ಸೇರದ ಹತ್ತು ಮುಖದ ದಾಳ ಅಂಗಡಿಗಳಲ್ಲಿ ಬಳಕೆಗೆ ಬಂದದ್ದು 1980ರ ಆಸುಪಾಸಿನಲ್ಲಿ. 1985ರಲ್ಲಿ ಜೋಕಿ ನೂರು ಮುಖದ ದಾಳವನ್ನೂ ಮಾಡಿದರು. ಚೆಂಡಿನಂತೆ ಉರುಳಿಹೋಗದಿರಲೆಂದು ಅದರ ಪೊಳ್ಳಿನೊಳಗೆ ಸಡಿಲವಾದ ಭಾರದ ತುಣುಕುಗಳನ್ನು ತುಂಬಿದ್ದರು, ಆದರೂ ಅದು ನಿಲ್ಲಲು ಸಾಕಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ನಮ್ಮ ಪಗಡೆಯ ಉದ್ದನೆಯ ದಾಳವನ್ನು ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಉದ್ದನೆಯ ಪಟ್ಟಕದ ಆಕಾರದಲ್ಲಿ ಎಷ್ಟು ಪಕ್ಕಗಳನ್ನು ಬೇಕಾದರೂ ಸಮನಾಗಿ ಕೊರೆಯಬಹುದು. ಪಿರಮಿಡ್ಡಿನಂತೆ ನೆಟ್ಟಗೆ ಕುಳಿತು ಕಾಲಿಗೆ ಚುಚ್ಚುವ ನಾಲ್ಕು ಮುಖದ ದಾಳ ಬೇಡವೆನ್ನುವವರಿಗೆ ಇಲ್ಲಿನ ತಯಾರಕರು ಈಗ ಮಾರುತ್ತಿರುವ ಉದ್ದ ದಾಳ ತತ್ತ್ವದಲ್ಲಿ ಪಗಡೆಯ ದಾಳವೇ.

ಇನ್ನು ಅಂಗಡಿಯ ಒಳಗಿನ ಲೆಕ್ಕಕ್ಕೆ ಬರೋಣ. ಅಮೆರಿಕದ ಸಣ್ಣ ಆಟದ ಅಂಗಡಿ ಸಾಮಾನ್ಯವಾಗಿ ಪ್ರಕಾಶಕರಿಂದ ನೇರವಾಗಿ ಕೊಳ್ಳುವುದಿಲ್ಲ. ನಡುವೆ ಸಗಟು ವಿತರಕರಿದ್ದಾರೆ. 50 ಡಾಲರ್ ಮುಖಬೆಲೆಯ ಪುಸ್ತಕವೊಂದನ್ನು ಪ್ರಕಾಶಕರು ವಿತರಕರಿಗೆ ಸುಮಾರು 20 ಡಾಲರಿಗೆ ಕೊಡುತ್ತಾರೆ, ವಿತರಕರು ಅಂಗಡಿಗೆ 25ರಿಂದ 28 ಡಾಲರಿಗೆ ಕೊಡುತ್ತಾರೆ. ಉಳಿದ ಹಣದಲ್ಲಿ ಅಂಗಡಿಯ ಬಾಡಿಗೆ, ಸಂಬಳ, ವಿದ್ಯುತ್ತು ಎಲ್ಲವೂ ನಡೆಯಬೇಕು. ಮಾರಾಟವಾಗದ ಪುಸ್ತಕವನ್ನು ಹಿಂದಿರುಗಿಸುವ ಅನುಕೂಲ ಸಾಮಾನ್ಯ ಪುಸ್ತಕದಂಗಡಿಗೆ ಉಂಟು, ಆಟದ ಅಂಗಡಿಗೆ ಬಹುಮಟ್ಟಿಗೆ ಇಲ್ಲ. ಹಾಗಾಗಿ ವರ್ಷಕ್ಕೆ ಒಬ್ಬರು ಕೇಳುವ ಪುಸ್ತಕವನ್ನು ತಂದಿಟ್ಟರೆ ಅವರ ಹಣ ಕಪಾಟಿನ ಮೇಲೆ ಧೂಳು ತಿನ್ನುತ್ತ ಕೂರುತ್ತದೆ. 1993ರಲ್ಲಿ ಮ್ಯಾಜಿಕ್ ಎಂಬ ಇಸ್ಪೀಟಿನ ಗಾತ್ರದ ಕಾರ್ಡುಗಳ ಆಟ ಬಂದ ಮೇಲಂತೂ ಅನೇಕ ಅಂಗಡಿಗಳ ಜೀವನ ಕಾರ್ಡುಗಳ ಪೊಟ್ಟಣಗಳ ಮೇಲೆ ನಿಂತಿದೆ. ರೋಲ್‌ಪ್ಲೇಯಿಂಗ್ ಪುಸ್ತಕಗಳ ಗೋಡೆ ಕಿರಿದಾದದ್ದನ್ನು ಕಂಡು ಹಳೆಯ ಆಟಗಾರರು ಗೊಣಗುತ್ತಾರೆ. ನನಗೆ ಅನ್ನಿಸುವುದು, ಕಾರ್ಡು ಇಲ್ಲದಿದ್ದರೆ ಆ ಗೋಡೆಯಷ್ಟೇ ಅಲ್ಲ, ಅಂಗಡಿಯೇ ಇರುತ್ತಿರಲಿಲ್ಲ.

ವಿತರಕರ ಕೊಂಡಿ ಎಷ್ಟು ಸೂಕ್ಷ್ಮ ಎಂಬುದಕ್ಕೆ ಇತ್ತೀಚಿನ ಉದಾಹರಣೆ ಅಲಯನ್ಸ್ ಗೇಮ್ ಡಿಸ್ಟ್ರಿಬ್ಯೂಟರ್ಸ್. 1998ರಲ್ಲಿ ಎರಡು ವಿತರಣಾ ಸಂಸ್ಥೆಗಳು ಸೇರಿ ಆದ ಈ ಸಂಸ್ಥೆ, ಮುಂದೆ ಕಾಮಿಕ್ ಪುಸ್ತಕಗಳ ದೊಡ್ಡ ವಿತರಕರಾದ ಡೈಮಂಡ್‌ಗೆ ಸೇರಿತು. 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ಅರ್ಜಿ ಸಲ್ಲಿಸಿತು. ಒಬ್ಬ ವಿತರಕರಿಗೆ ತೊಂದರೆಯಾದಾಗ ಪ್ರಕಾಶಕರಿಗೆ ಬರಬೇಕಾದ ಬಾಕಿಯೂ ಅಂಗಡಿಗೆ ಬರಬೇಕಾದ ಸರಕೂ ಒಟ್ಟಿಗೆ ಸಿಕ್ಕಿಬೀಳುತ್ತವೆ.

ಈ ವ್ಯವಸ್ಥೆಯನ್ನು ಅರಿತ ಗ್ರಾಹಕನು ಕೇಳುವ ರೀತಿಯೇ ಬೇರೆಯಾಗಿರುತ್ತದೆ. “ಇದು ಇದೆಯೇ” ಎಂದು ಕೇಳಿದರೆ ಉತ್ತರ ಹೌದು ಅಥವಾ ಇಲ್ಲ ಎಂಬಲ್ಲಿಗೆ ಮುಗಿಯುತ್ತದೆ. “ಇದನ್ನು ನಿಮ್ಮ ವಿತರಕರ ಬಳಿ ನೋಡಿ ತರಿಸಿಕೊಡಬಹುದೇ, ಮುಂಗಡ ಕೊಡುತ್ತೇನೆ” ಎಂದು ಕೇಳಿದರೆ ಅಂಗಡಿಯವರ ನಷ್ಟದ ಭಯ ತೀರುತ್ತದೆ. ವಿತರಕರ ಪಟ್ಟಿಯಲ್ಲಿ ಪ್ರತಿಯೊಂದು ಸರಕಿಗೂ ಪ್ರಕಾಶಕರನ್ನು ಸೂಚಿಸುವ ಕೆಲವು ಅಕ್ಷರಗಳೂ ಒಂದು ಸಂಖ್ಯೆಯೂ ಸೇರಿದ ಸಂಕೇತವಿರುತ್ತದೆ. ಪುಸ್ತಕದ ಹಿಂಬದಿಯಲ್ಲಿ ಅಥವಾ ಪ್ರಕಾಶಕರ ಪಟ್ಟಿಯಲ್ಲಿ ಸಿಗುವ ಈ ಸಂಕೇತವನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ, ಅರ್ಧ ಗಂಟೆಯ ವಿವರಣೆ ಮಾಡದ ಕೆಲಸ ಒಂದು ನಿಮಿಷದಲ್ಲಿ ಆಗುತ್ತದೆ. ಹೊಸ ಸರಕಾದರೆ ಅದು ಬಿಡುಗಡೆಯಾಗುವ ಎರಡು ಮೂರು ತಿಂಗಳು ಮೊದಲೇ ಹೇಳಬೇಕು, ಏಕೆಂದರೆ ಅಂಗಡಿಗಳು ವಿತರಕರಿಗೆ ಸಂಖ್ಯೆ ತಿಳಿಸುವುದು ಆಗ. ಸಣ್ಣ ಪ್ರಕಾಶಕರ ಪುಸ್ತಕಗಳು ದೊಡ್ಡ ವಿತರಕರ ಪಟ್ಟಿಯಲ್ಲಿ ಇರದಿದ್ದರೆ, ಅಂಥವರಿಗಾಗಿಯೇ ಇರುವ ಇಂಡೀ ಪ್ರೆಸ್ ರೆವಲ್ಯೂಷನ್‌ನಂಥ ಮಾರಾಟಗಾರರ ಹೆಸರನ್ನು ಅಂಗಡಿಯವರಿಗೆ ಸೂಚಿಸಬಹುದು. ಕೆಲವು ಪ್ರಕಾಶಕರು ಬಿಟ್ಸ್ ಆ್ಯಂಡ್ ಮಾರ್ಟರ್ ಎಂಬ ಒಡಂಬಡಿಕೆಯಡಿ, ಊರಿನ ಅಂಗಡಿಯಲ್ಲಿ ಅಚ್ಚಿನ ಪುಸ್ತಕ ಕೊಂಡವರಿಗೆ ಅದರ ಪಿಡಿಎಫ್ ಪ್ರತಿಯನ್ನು ಪ್ರತ್ಯೇಕ ಹಣವಿಲ್ಲದೆ ಕೊಡುತ್ತಾರೆ. ಇದನ್ನು ಕೇಳಿ ಪಡೆಯುವವರು ಕಡಿಮೆ.

ಅಂಗಡಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಿ ಎಂದು ಹೇಳುವುದು ಹಳೆಯ ಪುಸ್ತಕಗಳ ಮೂಲೆಯಲ್ಲಿ. 2000ದಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ಮೂರನೆಯ ಆವೃತ್ತಿಯೊಂದಿಗೆ ಬಂದ ಮುಕ್ತ ಪರವಾನಗಿಯಿಂದಾಗಿ ಯಾರು ಬೇಕಾದರೂ ಆ ನಿಯಮಗಳ ಮೇಲೆ ಪುಸ್ತಕ ಬರೆದು ಮಾರಬಹುದಾಯಿತು. ಪುಸ್ತಕಗಳ ಪ್ರವಾಹವೇ ಹರಿಯಿತು; ಅಂಗಡಿಗಳೂ ಉತ್ಸಾಹದಿಂದ ಕೊಂಡವು. 2003ರಲ್ಲಿ ನಿಯಮಗಳು ಪರಿಷ್ಕೃತಗೊಂಡಾಗ ಆ ದಾಸ್ತಾನು ಒಮ್ಮೆಲೇ ಹಳತಾಯಿತು. ಅದರಲ್ಲಿ ಕಳಪೆ ಬರಹವೇ ಹೆಚ್ಚು ಎಂಬುದು ನಿಜ. ಆದರೆ ಒಳ್ಳೆಯ ಭೂಪಟಗಳೂ, ಯಾವ ನಿಯಮಕ್ಕೂ ಹೊಂದಿಸಿಕೊಳ್ಳಬಹುದಾದ ಊರುಗಳ ಮತ್ತು ಹಡಗುಗಳ ವಿವರಗಳೂ ಇದೇ ರಾಶಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತವೆ. ಹಳೆಯ ಪೆಟ್ಟಿಗೆಯನ್ನು ಕೊಳ್ಳುವಾಗ ಹೊರಗಿನ ಚಿತ್ರಕ್ಕೆ ಮರುಳಾಗದೆ, ಅನುಮತಿ ಕೇಳಿ ಮುಚ್ಚಳ ತೆರೆದು, ಮಡಿಸಿಟ್ಟ ಭೂಪಟ, ರಟ್ಟಿನ ಬಿಲ್ಲೆಗಳು, ಕಿರುಪುಸ್ತಕಗಳು ಎಲ್ಲ ಇವೆಯೇ ಎಂದು ಎಣಿಸಬೇಕು. ಮೊದಲು ಕಳೆದುಹೋಗುವುದು ಭೂಪಟ. ವಿಸ್ಕಾನ್ಸಿನ್‌ನ ನೋಬಲ್ ನೈಟ್ ಗೇಮ್ಸ್‌ನಂತೆ ಹಳೆಯ ಆಟಗಳನ್ನೇ ಮುಖ್ಯ ವ್ಯಾಪಾರವಾಗಿಸಿಕೊಂಡ ಅಂಗಡಿಗಳೂ ಇವೆ. ಅಲ್ಲಿ ಆಯ್ಕೆ ದೊಡ್ಡದು, ಆದರೆ ತಾನು ಮಾರುತ್ತಿರುವುದರ ಬೆಲೆ ತಿಳಿಯದ ವ್ಯಾಪಾರಿ ಅಲ್ಲಿ ಸಿಗುವುದಿಲ್ಲ.

ಪಾತ್ರಗಳನ್ನೂ ರಾಕ್ಷಸರನ್ನೂ ಸೂಚಿಸಲು ಮೇಜಿನ ಮೇಲೆ ಇಡುವ ಹಳೆಯ ಲೋಹದ ಗೊಂಬೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಪ್ಪತ್ತು ಎಂಬತ್ತರ ದಶಕಗಳ ಗೊಂಬೆಗಳಲ್ಲಿ ಬಹುಪಾಲು ಸೀಸ ಬೆರೆತವು. ಚಿಕ್ಕ ಮಕ್ಕಳಿರುವ ಮನೆಗೆ ಅವನ್ನು ತರಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು, ಉಜ್ಜಿ ಪುಡಿ ಮಾಡಬಾರದು. ಮೇಲೆ ಬಿಳಿಯ ಪುಡಿ ಕಂಡರೆ ಸೀಸ ಕೊಳೆಯತೊಡಗಿದೆ ಎಂದು ತಿಳಿದು ಬಿಟ್ಟುಬಿಡುವುದು ಒಳ್ಳೆಯದು.

ಪಕ್ಕದ ಅಂಗಡಿಗಳ ಮಾತನ್ನು ಬೇಗ ಮುಗಿಸುತ್ತೇನೆ. ಷಟ್ಕೋನದ ಹಾಳೆ ಸಾವಯವ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಬೇಕಾದ ವಸ್ತುವಾದ್ದರಿಂದ ಕಾಲೇಜಿನ ಬಳಿಯ ಲೇಖನ ಸಾಮಗ್ರಿ ಅಂಗಡಿಯಲ್ಲಿ ವಿಚಾರಿಸಬೇಕು. ಗಿಡ, ಬಂಡೆ, ಹುಲ್ಲುಗಳ ಸಣ್ಣ ಮಾದರಿಗಳು ಆಟಿಕೆ ರೈಲುಗಳ ಅಂಗಡಿಯಲ್ಲಿ ಅಗ್ಗ. ಅಲ್ಲಿ ಓ ಸ್ಕೇಲ್ ಎಂದು ಗುರುತು ಹಾಕಿದವು 28 ಮಿಲಿಮೀಟರ್ ಗೊಂಬೆಗಳ ಪಕ್ಕದಲ್ಲಿ ಸಾಕಷ್ಟು ಹೊಂದುತ್ತವೆ. ಒಂದಂಗುಲದ ಚೌಕಗಳಿರುವ ವಿನೈಲ್ ಹಾಸು ಆಟದ ಅಂಗಡಿಯಲ್ಲೇ ಸಿಗುತ್ತದೆ, ಆದರೆ ಅದರ ಮೇಲೆ ಬರೆಯಲು ನೀರಿನಿಂದ ಒರೆಸುವ ಪೆನ್ನೇ ಬೇಕು. ಬಿಳಿ ಹಲಗೆಯ ಪೆನ್ನನ್ನು ಬಳಸಿದರೆ ಗೆರೆ ಹಾಸಿನಲ್ಲಿ ಉಳಿದುಬಿಡುತ್ತದೆ. ನೀರಿನ ಪೆನ್ನಿನಲ್ಲೂ ಕೆಂಪು ಬಣ್ಣವನ್ನು ರಾತ್ರಿಯಿಡೀ ಬಿಡಬಾರದು.

ಕೊನೆಗೆ ಹದಿನಾಲ್ಕು ಮುಖದ ದಾಳ. ಗುಡ್‌ಮನ್ ಗೇಮ್ಸ್ 2012ರಲ್ಲಿ ಪ್ರಕಟಿಸಿದ ಡಂಜನ್ ಕ್ರಾಲ್ ಕ್ಲಾಸಿಕ್ಸ್ ಎಂಬ ಆಟವು ಮಾಮೂಲಿ ಕಟ್ಟಿನ ಜೊತೆಗೆ 3, 5, 7, 14, 16, 24, 30 ಮುಖಗಳ ದಾಳಗಳನ್ನು ಕೇಳುತ್ತದೆ. ಮಕ್ಕಳು ಹೆತ್ತವರ ಬಳಿ ಕೇಳುವ ವಿಚಿತ್ರ ದಾಳಗಳ ಹಿಂದೆ ಹೆಚ್ಚಾಗಿ ಇರುವುದು ಇದೇ ಆಟ. ಈ ದಾಳಗಳು ಬಿಡಿಯಾಗಿ ಗಾಜಿನ ಪೆಟ್ಟಿಗೆಯಲ್ಲಿ ಸಿಗುವುದು ಕಡಿಮೆ. ಒಟ್ಟು ಕಟ್ಟಾಗಿ ತರಿಸಿಕೊಡಿ ಎಂದು ಅಂಗಡಿಯವರಿಗೆ ಹೇಳಿದರೆ ಬರುತ್ತದೆ. ಬರುವವರೆಗೆ ಆಟ ನಿಲ್ಲಬೇಕಾಗಿಲ್ಲ. ಏಳು ಮುಖಕ್ಕೆ ಎಂಟು ಮುಖದ ದಾಳ ಉರುಳಿಸಿ, 8 ಬಿದ್ದರೆ ಮತ್ತೆ ಉರುಳಿಸಬೇಕು. ಐದಕ್ಕೆ ಹತ್ತು ಮುಖದ ದಾಳದ ಅಂಕಿಯನ್ನು ಅರ್ಧ ಮಾಡಿ, ಭಿನ್ನ ಬಂದರೆ ಮೇಲಿನ ಪೂರ್ಣಾಂಕಕ್ಕೆ ಏರಿಸಬೇಕು. ಹದಿನಾಲ್ಕಕ್ಕೆ ಏಳರ ವಿಧಾನದ ಜೊತೆಗೆ ಒಂದು ಆರು ಮುಖದ ದಾಳವನ್ನೂ ಉರುಳಿಸಿ, ಅದರಲ್ಲಿ ಸಮಸಂಖ್ಯೆ ಬಂದರೆ 7 ಕೂಡಿಸಬೇಕು. ಹದಿನಾರಕ್ಕೂ ಇಪ್ಪತ್ತನಾಲ್ಕಕ್ಕೂ ಇದೇ ಕ್ರಮದಲ್ಲಿ ಎಂಟು ಮುಖದ ಮತ್ತು ಹನ್ನೆರಡು ಮುಖದ ದಾಳಗಳು ಸಾಕು. ಮೂವತ್ತಕ್ಕೆ ಹತ್ತು ಮುಖದ ದಾಳದ ಜೊತೆ ಆರು ಮುಖದ್ದನ್ನು ಉರುಳಿಸಿ, ಅದರಲ್ಲಿ 1 ಅಥವಾ 2 ಬಂದರೆ ಏನನ್ನೂ ಕೂಡಿಸದೆ, 3 ಅಥವಾ 4 ಬಂದರೆ 10, 5 ಅಥವಾ 6 ಬಂದರೆ 20 ಕೂಡಿಸಬೇಕು. ಪ್ರತಿಯೊಂದರಲ್ಲೂ ಎಲ್ಲ ಅಂಕಿಗಳಿಗೂ ಸಮಾನ ಅವಕಾಶ ಉಳಿಯುತ್ತದೆ ಎಂಬುದನ್ನು ಮನೆಯಲ್ಲಿ ಮಕ್ಕಳೊಂದಿಗೆ ಕುಳಿತು ಲೆಕ್ಕ ಹಾಕಿ ನೋಡಬಹುದು. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.