ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರದ ಲೆಕ್ಕ, ಗಾಳಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 13,990 ಕಿಲೋಮೀಟರ್. ಗಂಟೆಗೆ 900 ಕಿಲೋಮೀಟರ್ ವೇಗದಿಂದ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಈ ಭಾಗಾಕಾರವನ್ನು ನಂಬಿ ಹೊರಡಬೇಡಿ ಎಂದು ಹೇಳುವುದಕ್ಕೇ ನಾನಿಲ್ಲಿ ನಿಂತಿದ್ದೇನೆ.

ಮೇಜಿನ ಮೇಲಿರುವ ಈ ಭೂಗೋಳವನ್ನು ನೋಡಿ. ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದಿದ್ದೇನೆ. ದಾರ ಟಿಬೆಟ್, ಚೀನಾ, ಸೈಬೀರಿಯಗಳನ್ನು ಹಾದು, ಆರ್ಕ್ಟಿಕ್ ವೃತ್ತದೊಳಗೆ ಹೊಕ್ಕು, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಈ ದಾರಿ ಯಾರಿಗೂ ಹೊಳೆಯುವುದಿಲ್ಲ. ಆದರೆ ವಿಮಾನ ಈ ದಾರದ ಗುಂಟವೇ ಹಾರಬೇಕೆಂದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ವಿಮಾನ ತಕ್ಷಣ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರದಲ್ಲಿದೆ.

ಇನ್ನು ಗಾಳಿ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿಲೋಮೀಟರ್ ದಾಟುವುದು ಅಪರೂಪವಲ್ಲ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ದಾರಿ ಬಿಡಿಸಿ, ಪೂರ್ವಕ್ಕೆ ಪೆಸಿಫಿಕ್ ಮೇಲಿಂದ ಕಳುಹಿಸಿತು. ಹೊಸ ದಾರಿ ಸುಮಾರು 15,300 ಕಿಲೋಮೀಟರ್. ಹಳೆಯದಕ್ಕಿಂತ 1,400 ಕಿಲೋಮೀಟರಿನಷ್ಟು ಉದ್ದ. ಆದರೂ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಹೆಚ್ಚುಕಡಿಮೆ ಎರಡು ಗಂಟೆ ಮೊದಲೇ! ಎದುರುಗಾಳಿಯನ್ನು ಸೀಳಿಕೊಂಡು ಹೋಗುತ್ತಿದ್ದ ವಿಮಾನಕ್ಕೆ ಅದೇ ಗಾಳಿ ಬೆನ್ನ ಹಿಂದಿನಿಂದ ಬೀಸಿತು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ವಿಮಾನಯಾನದಲ್ಲಿ ಹತ್ತಿರದ ದಾರಿ ಬೇರೆ, ಬೇಗ ತಲುಪಿಸುವ ದಾರಿ ಬೇರೆ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಬೋಯಿಂಗ್ 777 ಉತ್ತರ ಧ್ರುವದ ಮೇಲಿಂದ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಪೈಲಟ್‌ಗಳೆಲ್ಲ ಮಹಿಳೆಯರು. ಅದನ್ನು ನೆನೆದಾಗಲೆಲ್ಲ ಹೆಮ್ಮೆಯೆನಿಸುತ್ತದೆ. ಟಿಕೆಟ್ಟಿನ ತಾರೀಖು ನೋಡಿದರೆ ಒಂದೂಕಾಲು ದಿನವೇ ಕಳೆದಂತೆ ಕಾಣುತ್ತದೆ. ಆಕಾಶದಲ್ಲಿ ಕಳೆದದ್ದು ಹದಿನೇಳು ಗಂಟೆಯ ಆಸುಪಾಸು. ಉಳಿದದ್ದು ಗಡಿಯಾರಗಳ ವ್ಯತ್ಯಾಸ. ಅಲ್ಲಿನ ಚಳಿಗಾಲದಲ್ಲಿ ನಾವು ಹದಿಮೂರೂವರೆ ಗಂಟೆ ಮುಂದಿರುತ್ತೇವೆ, ಬೇಸಿಗೆಯಲ್ಲಿ ಹನ್ನೆರಡೂವರೆ.

ಮಕ್ಕಳ ಮನೆಗೆಂದು ಹೊರಡುವ ಹಿರಿಯರು ಈ ಕೊನೆಯ ಲೆಕ್ಕವನ್ನು ದಯವಿಟ್ಟು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಟಿಕೆಟ್ಟಿನಲ್ಲಿ ಹೊರಡುವ ವೇಳೆ ಇಲ್ಲಿನದು, ಇಳಿಯುವ ವೇಳೆ ಅಲ್ಲಿನದು. ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಯಾಣಕ್ಕೆ ಮುಂಚೆಯೇ ಈ ಚೀಟಿಯನ್ನು ವೈದ್ಯರಿಗೆ ತೋರಿಸಿ, ಯಾವ ಡೋಸ್ ಎಷ್ಟು ಗಂಟೆಗಳ ಅಂತರದಲ್ಲಿ ಎಂದು ಅವರಿಂದಲೇ ಬರೆಸಿಕೊಳ್ಳಿ.