ಕಣ್ಣು ಮಂದ ಆಯ್ತಾ? ಅಕ್ಷರ ದೊಡ್ಡದು ಮಾಡಿ

ಕೇಳುಗರಿಗೆಲ್ಲ ನಮಸ್ಕಾರ. ಕಾಲೇಜು ಲೈಬ್ರರಿಯಲ್ಲಿ 31 ವರ್ಷ ಪುಸ್ತಕ ಕೊಟ್ಟು, ಪುಸ್ತಕ ತೆಗೆದುಕೊಂಡವನು ನಾನು. ಇವತ್ತು ಇ-ರೀಡರ್, ಅಂದರೆ ಪುಸ್ತಕ ಓದಲೆಂದೇ ಇರುವ ಪರದೆಯ ಸಾಧನದ ಬಗ್ಗೆ ಮಾತಾಡಿ ಅಂದಿದ್ದಾರೆ. ಊಟ ಮುಗಿಸಿ ಜಗಲಿಯಲ್ಲಿ ರೇಡಿಯೋ ಹಾಕಿ ಕೂತು, "ಮೊದಲು ತುಂಬ ಓದ್ತಿದ್ದೆ, ಈಗ ಅಕ್ಷರ ಕಾಣುವುದಿಲ್ಲ" ಅನ್ನುವವರು ಇದ್ದೀರಲ್ಲ, ನಿಮಗೇ ನನ್ನ ಮಾತು. ಅಕ್ಷರ ದೊಡ್ಡದು ಮಾಡಿ. ಓದು ಬಿಡಬೇಡಿ. ಅಷ್ಟೇ.

ನನ್ನ ದೊಡ್ಡಮ್ಮನ ವಿಷಯ ಹೇಳ್ತೇನೆ. ಮನೆ ಬ್ರಹ್ಮಾವರದ ಹತ್ತಿರ, ವಯಸ್ಸು 81. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಆದರೂ ಪುಸ್ತಕದ ಸಣ್ಣ ಅಕ್ಷರ ಮಸುಕು. ಪುಸ್ತಕಗಳೆಲ್ಲ ಕಪಾಟು ಸೇರಿ, ಆಟಿ ತಿಂಗಳ ಮಳೆಗೆ ಬೂಸ್ಟು ಹಿಡಿದು ವಾಸನೆ ಬರ್ತಿದ್ದವು. ನಾನು ಆರು ಇಂಚಿನ ಇ-ರೀಡರ್ ಒಂದು ಕೊಂಡುಹೋಗಿ ಕೊಟ್ಟೆ. ಒಳಗೆ ಹಳೇ ಪುಸ್ತಕವೊಂದರ ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಿದ್ದೆ. ಅದು ಪುಟದ ಫೋಟೋ ಇದ್ದ ಹಾಗೆ, ದೊಡ್ಡದು ಮಾಡಿದರೆ ಸಾಲಿನ ಅರ್ಧ ಪರದೆಯಿಂದ ಹೊರಗೆ ಹೋಗ್ತದೆ, ಎಳೆದು ಎಳೆದು ನೋಡಬೇಕು. ದೊಡ್ಡಮ್ಮ ಎರಡು ನಿಮಿಷ ಹಿಡಿದು, "ಬೇಡ ಮಾರಾಯ, ಇದಕ್ಕಿಂತ ನನ್ನ ಪಂಚಾಂಗವೇ ವಾಸಿ" ಅಂತ ವಾಪಸ್ ಕೊಟ್ಟರು.

ಮುಂದಿನ ವಾರ ಕನ್ನಡ ವಿಕಿಸೋರ್ಸ್ ಅನ್ನುವ ಉಚಿತ ಪುಸ್ತಕಗಳ ಜಾಲತಾಣದಿಂದ ಷಟ್ಪದಿ ಕಾವ್ಯವೊಂದನ್ನು ಇ-ಪಬ್ ರೂಪದಲ್ಲಿ ಇಳಿಸಿಕೊಂಡು ಹೋದೆ. ಇ-ಪಬ್‌ನಲ್ಲಿ ಅಕ್ಷರ ದೊಡ್ಡದಾದ ಹಾಗೆ ಸಾಲು ತಾನೇ ಮಡಚಿಕೊಳ್ಳುತ್ತದೆ, ಹೊರಗೆ ಹೋಗುವುದಿಲ್ಲ. ಒಂದೊಂದೇ ಹಂತ ದೊಡ್ಡದು ಮಾಡ್ತಾ ಹೋದೆ. "ಈಗ?" "ಇಲ್ಲ." "ಈಗ?" "ಇನ್ನೂ ಸ್ವಲ್ಪ." ಕೊನೆಗೆ ದೊಡ್ಡಮ್ಮ ಮಾತಾಡಲಿಲ್ಲ, ತುಟಿ ಅಲ್ಲಾಡ್ತಿತ್ತು. ಭಾಮಿನಿ ಷಟ್ಪದಿಯ ಮೂರನೇ ಸಾಲು, ಆರನೇ ಸಾಲು ಉದ್ದ ಅಲ್ವಾ, ಅವು ಮಡಚಿ ಆರು ಸಾಲು ಎಂಟಾಗಿತ್ತು. ಸರಿಯಾಗಿ ಒಂದು ಪದ್ಯಕ್ಕೆ ಒಂದು ಪರದೆ! ಮುಗಿದ ಕೂಡಲೇ ಹಳೇ ಅಭ್ಯಾಸದಂತೆ ಬೆರಳಿಗೆ ಎಂಜಲು ಮುಟ್ಟಿಸಿ ಪುಟ ತಿರುಗಿಸಲು ಹೋದರು. ಪರದೆ ಒಮ್ಮೆ ಕಪ್ಪಾಗಿ ಮಿನುಗಿತು. "ಹಾಳಾಯ್ತಾ?" ಅಂತ ಹೆದರಿದರು. ಹಾಳಾಗಿಲ್ಲ ದೊಡ್ಡಮ್ಮ, ಹಳೇ ಪುಟ ಒರೆಸಿ ಹೊಸದು ಬರೆಯುವುದು ಹಾಗೆಯೇ, ಅಂದೆ. ಆ ದಿನ ಸಂಜೆ ದೀಪ ಹಚ್ಚುವ ಹೊತ್ತಿನವರೆಗೆ ಕೆಳಗಿಡಲಿಲ್ಲ. ಏಳು ವರ್ಷ ಓದದೆ ಇದ್ದವರು ಅವರು.

ನೋಡಿ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಕಲ್ಲಚ್ಚಿನಲ್ಲಿ ಬಂದದ್ದು ನಮ್ಮದೇ ಊರಲ್ಲಿ. ಅಚ್ಚಾದ ಅಕ್ಷರ ಅಚ್ಚಾದಷ್ಟೇ, ಕಾಣದಿದ್ದರೆ ಕಾಗದವನ್ನು ನಾವೇ ಕಣ್ಣಿನ ಹತ್ತಿರ ಹಿಡಿಯಬೇಕಿತ್ತು. ಈಗ ಆ ಕಷ್ಟ ಇಲ್ಲ. ಇದ್ದೂ ಯಾಕೆ ಉಪಯೋಗಿಸುವುದಿಲ್ಲ ಅಂತ ನನಗೆ ಬೇಸರ.

"ಮೊಬೈಲ್ ಸಾಕಲ್ಲ" ಅಂತ ಮಕ್ಕಳು ಹೇಳಿಯಾರು. ಸಾಕಾಗುವುದಿಲ್ಲ. ಇ-ರೀಡರ್ ಪರದೆಯೊಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳು, ಅವುಗಳಲ್ಲಿ ಕಪ್ಪು ಬಿಳಿ ಕಣಗಳು. ವಿದ್ಯುತ್ತು ತಳ್ಳಿದರೆ ಕಪ್ಪು ಮೇಲೆ ಬರುತ್ತದೆ, ಅಕ್ಷರ ಮೂಡುತ್ತದೆ, ಆಮೇಲೆ ಕರೆಂಟ್ ಇಲ್ಲದೆಯೂ ಹಾಗೇ ನಿಲ್ಲುತ್ತದೆ. ಅದಕ್ಕೇ ಚಾರ್ಜ್ ವಾರಗಟ್ಟಲೆ ಬರುವುದು. ಕಾಗದದ ಹಾಗೆ, ಜಗಲಿಯ ಬಿಸಿಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಸಮಯ ಆಯ್ತು ಅಂತ ಗಾಜಿನ ಆಚೆಯಿಂದ ಕೈ ತೋರಿಸ್ತಾ ಇದ್ದಾರೆ. ಯಾವುದು ಕೊಳ್ಳುವುದು ಅನ್ನುವುದಕ್ಕೆ ಒಂದೇ ಮಾತು: ಅಂಗಡಿಯಲ್ಲಿ ಕನ್ನಡ ಪುಟ ತೆರೆಸಿ, ಒತ್ತಕ್ಷರ ಸರಿ ಉಂಟಾ ನೋಡಿ. ಮೊಮ್ಮಕ್ಕಳೇ, ನೀವೂ ಕೇಳ್ತಿದ್ದರೆ, ಸಾಮಾನ್ಯವಾಗಿ ಪರದೆಯ ಮೇಲ್ಭಾಗ ಮುಟ್ಟಿದರೆ ಇಂಗ್ಲಿಷಿನ ದೊಡ್ಡ ಎ, ಸಣ್ಣ ಎ ಒಟ್ಟಿಗಿರುವ ಗುರುತು ಬರುತ್ತದೆ. ಅಲ್ಲಿಂದ ಅಕ್ಷರ ದೊಡ್ಡದು ಮಾಡಿ, ಅಜ್ಜಿ "ಸಾಕು" ಅನ್ನುವವರೆಗೆ ಮಾಡಿ. ನಮಸ್ಕಾರ.